ಹೇರ್ ಡ್ರೈಯರ್ ಹಿಡಿದರೆ ಸ್ಟಾರ್ಟ್ ಆಗುವ ಮೆಷಿನ್

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಒಬ್ಬ ಮಧುಗಿರಿ, ಒಬ್ಬ ಶಿರಾ, ಒಬ್ಬ ಕೊರಟಗೆರೆ, ಒಬ್ಬ ಪಾವಗಡ. ನಾಲ್ವರೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ, ಅಭಿಪ್ರಾಯ ಮಾತ್ರ ತಿದ್ದಬೇಡಿ.

ಯುಗಾದಿ ರಜೆಗೆ ಊರಿಗೆ ಹೋದಾಗ ನಾಲ್ವರೂ ಮಧುಗಿರಿಯ ಒಂದು ವರ್ಕ್‌ಶಾಪ್‌ನಲ್ಲಿ ಎರಡು ದಿನ ಕಳೆದೆವು. ನಮ್ಮಲ್ಲಿ ಒಬ್ಬನ ಸಂಬಂಧಿಕರದು. ಬಾಗಿಲಲ್ಲಿ ನಿಂತರೆ ಏಕಶಿಲಾ ಬೆಟ್ಟ ಕಾಣುತ್ತೆ. ಒಳಗೆ ಎರಡು ಸಾದಾ ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮತ್ತೆ ಮೂಲೆಯಲ್ಲಿ ಒಂದು ಸಿಎನ್‌ಸಿ ಲೇತ್. 1990ರ ದಶಕದ ಆರಂಭದ ಮೆಷಿನ್ ಅದು, ಬೆಂಗಳೂರಿನ ಪೀಣ್ಯದಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದದ್ದು. ಬೋರ್‌ವೆಲ್ ಪಂಪಿನ ಬುಷ್, ಶಾಫ್ಟ್, ಕಡಲೆಕಾಯಿ ಬಿಡಿಸುವ ಮೆಷಿನ್ನಿನ ಭಾಗಗಳು, ಟ್ರಾಕ್ಟರ್‌ನ ಪಿನ್ನು, ಎಲ್ಲ ಇದರಲ್ಲೇ. ಸುತ್ತಮುತ್ತಲ ರೈತರ ಪಂಪು ಎರಡು ದಿನ ನಿಂತರೆ ಬೆಳೆ ಒಣಗುತ್ತೆ. ಅಷ್ಟು ಜನರ ತಲೆನೋವು ಆ ಒಂದು ಮೂಲೆಯಲ್ಲಿದೆ.

ಆ ಮೆಷಿನ್ನಿಗೆ ಚಳಿಗಾಲದಿಂದಲೇ ಒಂದು ಕಾಯಿಲೆ. ಬೆಳಿಗ್ಗೆ ಆನ್ ಮಾಡಿದರೆ ಸ್ಕ್ರೀನ್ ಬರಲ್ಲ. ನಾಲ್ಕೈದು ಸಲ ಆಫ್ ಆನ್ ಮಾಡಿದರೆ ಬರುತ್ತೆ, ಬಂದ ಮೇಲೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಅಲ್ಲಿನ ಹುಡುಗರು ಒಂದು ಉಪಾಯ ಕಂಡುಹಿಡಿದಿದ್ದರು. ಪ್ಯಾನಲ್ ಬಾಗಿಲು ತೆಗೆದು ಪವರ್ ಸಪ್ಲೈಗೆ ಹೇರ್ ಡ್ರೈಯರ್ ಹಿಡಿಯೋದು. ಎರಡು ನಿಮಿಷ ಬಿಸಿ ಗಾಳಿ ಬಿಟ್ಟರೆ ಮೆಷಿನ್ ಎದ್ದು ಕೂರುತ್ತೆ! ನಾವು ನಕ್ಕೆವು. ಆಮೇಲೆ ಗೊತ್ತಾಯಿತು, ಆ ಹುಡುಗರು ನಮಗಿಂತ ಚೆನ್ನಾಗಿ ಡಯಾಗ್ನೋಸ್ ಮಾಡಿದ್ದರು ಅಂತ. ಅದಕ್ಕೆ ಡಯಾಗ್ನೋಸ್ ಅನ್ನೋ ಪದ ಮಾತ್ರ ಅವರಿಗೆ ಬೇಕಾಗಿರಲಿಲ್ಲ.

ನಾವು ಹೋಗುವ ಹಿಂದಿನ ವಾರ ಡ್ರೈಯರ್ ಕೂಡ ಕೈಕೊಟ್ಟಿತ್ತು. ಸ್ಕ್ರೀನ್ ಪೂರ್ತಿ ಕಪ್ಪು. ಒಂದು ಸರ್ವಿಸ್ ಕಂಪನಿಯವರು ಬಂದು ನೋಡಿ, 'ಈ ಕಂಟ್ರೋಲರ್ ಈಗ ಬರ್ತಿಲ್ಲ, ಪೂರ್ತಿ ಹೊಸದು ಹಾಕಿಸಿ' ಅಂತ ಒಂದು ಮೊತ್ತ ಹೇಳಿ ಹೋಗಿದ್ದರು. ಅದು ಮೆಷಿನ್ ಕೊಂಡ ಬೆಲೆಗಿಂತ ಜಾಸ್ತಿ. ಗುಜರಿಯವನು ಆಗಲೇ ಒಂದು ಸಲ ಬಂದು ಮೆಷಿನ್ನಿನ ತೂಕ ವಿಚಾರಿಸಿಕೊಂಡು ಹೋಗಿದ್ದನಂತೆ.

ಕೊನೆಗೆ ಶಿರಾದಿಂದ ಒಬ್ಬ ಹಿರಿಯರು ಬಂದರು. ಮೋಟಾರ್ ವೈಂಡಿಂಗ್‌ನಿಂದ ಶುರು ಮಾಡಿ, ಟಿವಿ ರಿಪೇರಿ ಮಾಡಿ, ಆಮೇಲೆ ಕಾರ್ಖಾನೆಗಳ ಬೋರ್ಡಿಗೆ ಬಂದವರು. ಎಲ್ಲರೂ 'ಮೇಷ್ಟ್ರು' ಅಂತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಬಸ್ಸಲ್ಲಿ ಬಂದರು, ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಹೋಲ್ಡರ್‌ಗೆ ಹಾಕಿದ ಒಂದು 100 ವ್ಯಾಟ್ ಬಲ್ಬು.

ನಾವು ತಕ್ಷಣ ಬೋರ್ಡ್ ಬಿಚ್ಚುತ್ತಾರೆ ಅಂದುಕೊಂಡಿದ್ದೆವು. ಅವರು ಮೊದಲು ಟೀ ಕುಡಿದರು. ಆಮೇಲೆ ಮೆಷಿನ್ ನಡೆಸುವ ಹುಡುಗನನ್ನು ಕೂರಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಮೊದಲು ಯಾವಾಗ ಹೀಗಾಯ್ತು? ಚಳಿಗಾಲದಲ್ಲಾ? ನಿಲ್ಲೋಕೆ ಮುಂಚೆ ಏನು ಸದ್ದು ಬಂತು? ವಾಸನೆ ಬಂತಾ? ಪ್ಯಾನಲ್ ಫ್ಯಾನ್ ಯಾವಾಗ ನಿಂತಿದ್ದು? ಫ್ಯಾನ್ ನಿಂತಿದೆ ಅನ್ನೋದೇ ಆಗ ಎಲ್ಲರಿಗೂ ಗೊತ್ತಾಗಿದ್ದು. ಹುಡುಗರು ಬಾಗಿಲು ತೆರೆದಿಟ್ಟು ಹೊರಗಿಂದ ಟೇಬಲ್ ಫ್ಯಾನ್ ಇಟ್ಟಿದ್ದರಲ್ಲ. ಇದನ್ನ ನಮ್ಮ ಕಡೆ ಸುಮಾರು ವರ್ಕ್‌ಶಾಪ್‌ಗಳಲ್ಲಿ ನೋಡಬಹುದು. ತಂಪಾಗುತ್ತೆ ನಿಜ, ಆದರೆ ಬೇಸಿಗೆ ಧೂಳು, ಕಬ್ಬಿಣದ ಪುಡಿ, ಕೂಲೆಂಟ್ ಎಣ್ಣೆಯ ಹನಿ ಎಲ್ಲ ಬೋರ್ಡ್ ಮೇಲೆ ಹೋಗಿ ಕೂರುತ್ತೆ. ಕೆಟ್ಟ ಫ್ಯಾನ್ ಬದಲಾಯಿಸೋದು ಟೇಬಲ್ ಫ್ಯಾನಿಗಿಂತ ಅಗ್ಗ.

ಆಮೇಲೆ ಅರ್ಥಿಂಗ್. ಮೆಷಿನ್ ಬಾಡಿಗೂ ನ್ಯೂಟ್ರಲ್‌ಗೂ ಮೀಟರ್ ಇಟ್ಟರೆ 30 ವೋಲ್ಟ್ ಹತ್ತಿರ ತೋರಿಸಿತು. ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು. ಗೋಡೆ ಪಕ್ಕ ಉಪ್ಪು, ಇದ್ದಿಲು ತುಂಬಿದ ಅರ್ಥ್ ಗುಂಡಿ ಬಿರುಕು ಬಿಟ್ಟು ಒಣಗಿತ್ತು. ಮಧುಗಿರಿ, ಪಾವಗಡದ ಬೇಸಿಗೆ ಗೊತ್ತಲ್ಲ, ಮಣ್ಣಲ್ಲಿ ತೇವ ಇಲ್ಲ ಅಂದರೆ ಕರೆಂಟ್ ಭೂಮಿಗೆ ಸೇರೋದು ಹೇಗೆ? ನಾಲ್ಕು ಬಿಂದಿಗೆ ನೀರು ಹಾಕಿಸಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಕೆಲವೇ ವೋಲ್ಟ್. ಸ್ಕ್ರೀನ್ ಕಪ್ಪಾಗಿದ್ದಕ್ಕೆ ಇದು ಕಾರಣ ಅಲ್ಲ, ಆದರೆ ಇದನ್ನು ಬಿಟ್ಟು ಮುಂದೆ ಹೋಗಲ್ಲ ಅಂದರು.

ಈಗ ಪವರ್ ಸಪ್ಲೈ. ಮುಟ್ಟುವ ಮೊದಲು ಮೇನ್ಸ್ ತೆಗೆದು, ಆ ಬಲ್ಬಿನಿಂದ ಒಳಗಿನ ದೊಡ್ಡ ಕೆಪಾಸಿಟರ್ ಖಾಲಿ ಮಾಡಿದರು. 230 ವೋಲ್ಟ್ ರೆಕ್ಟಿಫೈ ಆದರೆ ಅದರಲ್ಲಿ 320 ವೋಲ್ಟ್ ಆಸುಪಾಸು ಕೂತಿರುತ್ತೆ, ಸ್ವಿಚ್ ಆಫ್ ಮಾಡಿದ ಮೇಲೂ ಎಷ್ಟೋ ಹೊತ್ತು. ಸರ್ವೋ ಡ್ರೈವ್ ನೇರ 415 ವೋಲ್ಟ್ ಮೇಲೆ ಇದ್ದರೆ ಅಲ್ಲಿ ಸುಮಾರು 580. ಇದನ್ನು ಓದಿ ಯಾರಾದರೂ ಮನೇಲಿ ಏನನ್ನಾದರೂ ಬಿಚ್ಚಲು ಹೊರಟರೆ ದಯವಿಟ್ಟು ಈ ಸಾಲನ್ನ ಎರಡು ಸಲ ಓದಿ.

ಸ್ವಲ್ಪ ಧೂಳು ಒರೆಸಿ ಮತ್ತೆ ಕರೆಂಟ್ ಕೊಟ್ಟಾಗ 24 ವೋಲ್ಟ್ ಲೈನಿನಲ್ಲಿ ಮೀಟರ್ 23.6 ತೋರಿಸಿತು. ನಾವು 'ಸರಿ ಇದೆ ಸಾರ್' ಅಂದೆವು. ಅವರು ಮೀಟರನ್ನ ಎಸಿಗೆ ತಿರುಗಿಸಿದರು. ಒಂದೂವರೆ ವೋಲ್ಟ್! ಅಗ್ಗದ ಮೀಟರ್ ಇಲ್ಲಿ ಸುಳ್ಳು ಹೇಳಬಹುದು ಅಂತ ಒಂದು ಚಿಕ್ಕ ಕೆಪಾಸಿಟರ್ ಸೀರೀಸಲ್ಲಿ ಹಾಕಿ ಇನ್ನೊಮ್ಮೆ ನೋಡಿದರು. ಅಷ್ಟೇ ಬಂತು. ಅದು ರಿಪಲ್. 5 ವೋಲ್ಟ್ ಲೈನ್ ಇನ್ನೂ ಕೆಟ್ಟದಾಗಿತ್ತು, ಅಲುಗಾಡುವ 5 ವೋಲ್ಟ್‌ನಲ್ಲಿ ಪ್ರೊಸೆಸರ್ ಏಳೋದೇ ಇಲ್ಲ.

ಇಲ್ಲಿ ನಮಗೆ ನಾಚಿಕೆ ಆಯಿತು. ಫುಲ್ ವೇವ್ ರೆಕ್ಟಿಫೈಯರ್‌ನ ರಿಪಲ್ ಫ್ಯಾಕ್ಟರ್ 0.48 ಅಂತ ನಾವೆಲ್ಲ ಫಸ್ಟ್ ಇಯರ್‌ನಲ್ಲಿ ಬರೆದಿದ್ದೇವೆ. ಡಿರೈವೇಷನ್ ಸಮೇತ. ಆದರೆ ರಿಪಲ್ ಅನ್ನೋದು ಒಂದು ವರ್ಕ್‌ಶಾಪನ್ನ ಒಂದು ವಾರ ಬಾಗಿಲು ಹಾಕಿಸಬಲ್ಲದು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಮೇಷ್ಟ್ರು ಹೇಳಿದ್ದು ಎರಡೇ ಪದ: 'ಕೆಪಾಸಿಟರ್ ಒಣಗಿದೆ.' ನಮ್ಮ ಪುಸ್ತಕದಲ್ಲಿ ಇದಕ್ಕೆ ಫೇಲ್ಯೂರ್ ಅಂತಾರೆ. ಯಾವುದು ಸರಿಯಾದ ಪದ ನೀವೇ ಹೇಳಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಒಂದು ದ್ರವ ಇರುತ್ತೆ. ವರ್ಷಗಟ್ಟಲೆ ಬಿಸಿಯಲ್ಲಿದ್ದರೆ ಅದು ನಿಧಾನಕ್ಕೆ ಆವಿಯಾಗಿ ರಬ್ಬರ್ ಸೀಲಿನಿಂದ ಹೊರಗೆ ಹೋಗುತ್ತೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ ಅನ್ನೋದು ಲೆಕ್ಕ. ದ್ರವ ಕಡಿಮೆಯಾದ ಹಾಗೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ಚಳಿಯಲ್ಲಿ ಇನ್ನೂ ಏರುತ್ತೆ. ಬಿಸಿ ಗಾಳಿ ಬಿಟ್ಟರೆ ಸ್ವಲ್ಪ ಇಳಿಯುತ್ತೆ. ಹೇರ್ ಡ್ರೈಯರ್ ರಹಸ್ಯ ಇಷ್ಟೇ. ಒಣಗಿದೆ ಅನ್ನೋ ಪದದಲ್ಲಿ ಕಾರಣವೂ ಇದೆ, ಫ್ಯಾನ್ ನೋಡಪ್ಪ ಅನ್ನೋ ಸೂಚನೆಯೂ ಇದೆ.

ಅಷ್ಟರಲ್ಲಿ ನಮ್ಮಲ್ಲಿ ಒಬ್ಬ (ಯಾರು ಅಂತ ಹೇಳಲ್ಲ, ಪಾವಗಡದವನು) ಬುದ್ಧಿವಂತಿಕೆ ತೋರಿಸಲು ಹೋಗಿ ಕಂಟ್ರೋಲರ್ ಪಕ್ಕದ ಬ್ಯಾಟರಿ ಡಬ್ಬಿಗೆ ಕೈ ಹಾಕಿದ. ಹಳೇ ಸೆಲ್ ಬದಲಾಯಿಸೋಣ ಅಂತ. ಮೇಷ್ಟ್ರು ಕೂಗಿದ ಕೂಗಿಗೆ ಬೆಟ್ಟದ ಮೇಲಿನ ಕೋತಿಗಳೂ ಓಡಿರಬೇಕು. ಆ ಕಾಲದ ಕಂಟ್ರೋಲರ್‌ಗಳಲ್ಲಿ ಮೆಷಿನ್ನಿನ ಪ್ಯಾರಾಮೀಟರ್‌ಗಳೆಲ್ಲ, ಅಂದರೆ ಸ್ಕ್ರೂ ಪಿಚ್ ಎಷ್ಟು, ಸ್ಲೈಡ್ ಎಲ್ಲಿವರೆಗೆ ಹೋಗಬಹುದು, ಯಾವ ಆಪ್ಷನ್ ಇದೆ, ಎಲ್ಲ ಬ್ಯಾಟರಿಯ ಆಸರೆಯಲ್ಲಿ ನಿಲ್ಲುವ ಮೆಮೊರಿಯಲ್ಲಿರುತ್ತೆ. ಅದಕ್ಕೇ ಮೆಷಿನ್ ಆನ್ ಇರುವಾಗಲೇ ಸೆಲ್ ಬದಲಿಸಬೇಕು. ಆಫ್ ಇದ್ದಾಗ ಕಿತ್ತರೆ ಮೆಷಿನ್ ತಾನು ಯಾರು ಅಂತಲೇ ಮರೆಯುತ್ತೆ. ಆ ಪಟ್ಟಿಯ ಬೇರೆ ಪ್ರತಿ ಇರುವುದು ಒಂದೇ ಕಡೆ, ಪ್ಯಾನಲ್ ಬಾಗಿಲ ಒಳಗೆ ಅಂಟಿಸಿದ ಹಳದಿ ಕಾಗದದಲ್ಲಿ. ಅರ್ಧ ಮಾಸಿತ್ತು, ಒಂದು ಮೂಲೆ ಇಲಿ ತಿಂದಿತ್ತು.

ಮಾರನೇ ದಿನ ಬೆಂಗಳೂರಿನ ಎಸ್‌ಪಿ ರೋಡಿನಿಂದ ಆರು ಕೆಪಾಸಿಟರ್ ಬಂತು. 105 ಡಿಗ್ರಿಯವು, ವೋಲ್ಟೇಜ್ ಮೊದಲಿನದಕ್ಕಿಂತ ಒಂದು ಮೆಟ್ಟಿಲು ಜಾಸ್ತಿ. ಮುನ್ನೂರು ರೂಪಾಯಿ ಒಳಗೆ. ಫ್ಯಾನಿಗೆ ಅದಕ್ಕಿಂತ ಹೆಚ್ಚಾಯಿತು. ಹಾಕಿದ ಮೇಲೆ ನೇರ ಮೇನ್ಸ್ ಕೊಡಲಿಲ್ಲ. ಆ 100 ವ್ಯಾಟ್ ಬಲ್ಬನ್ನ ಸೀರೀಸಲ್ಲಿ ಹಾಕಿದರು. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಬೋರ್ಡ್ ಉಳಿಯುತ್ತೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಹತ್ತು ನಿಮಿಷದ ನಂತರ ಹಸಿರು ಅಕ್ಷರ ಬಂತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಓನರ್ ಮಾತ್ರ ಹೊರಗೆ ಹೋಗಿ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದರು.

ಆ ದಿನ ನಮಗೂ ಒಂದು ಕೆಲಸ ಸಿಕ್ಕಿತು. ಬ್ಯಾಟರಿಯನ್ನ ಆನ್ ಇದ್ದಾಗಲೇ ಬದಲಿಸಿದೆವು. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕನ್ವರ್ಟರ್ ಹಾಕಿ, ಮೆಷಿನ್ನಿನ ಸೀರಿಯಲ್ ಪೋರ್ಟಿಂದ ಪ್ಯಾರಾಮೀಟರ್‌ಗಳನ್ನೆಲ್ಲ ಇಳಿಸಿಕೊಂಡೆವು. ಬಾಡ್ ರೇಟ್ ಹೊಂದಿಸೋಕೇ ಎರಡು ಗಂಟೆ ಹೋಯಿತು. ಮ್ಯಾನುಯಲ್‌ನ ಇಂಗ್ಲಿಷ್ ಜಪಾನಿನವರು ಬರೆದದ್ದು, ನಮಗೇ ಕಷ್ಟ. ಮೇಷ್ಟ್ರು ಪಕ್ಕದಲ್ಲಿ ಕೂತು ನೋಡಿದರು. ಅವರಿಗೆ ಮೆಷಿನ್ ಗೊತ್ತು, ಮ್ಯಾನುಯಲ್ ಓದಕ್ಕೆ ಬರಲ್ಲ. ನಮಗೆ ಮ್ಯಾನುಯಲ್ ಓದಕ್ಕೆ ಬರುತ್ತೆ, ಮೆಷಿನ್ ಗೊತ್ತಿಲ್ಲ.

ನಮ್ಮ ಅಭಿಪ್ರಾಯ ಇಲ್ಲೇ ಇದೆ. ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ. ಅವರ ತಲೆಯಲ್ಲಿರುವ ನಲವತ್ತು ವರ್ಷದ ಫಾಲ್ಟ್‌ಗಳು ಎಲ್ಲೂ ಬರೆದಿಲ್ಲ. ಅವರ ಮಗ ಬೆಂಗಳೂರಲ್ಲಿ ಡೆಲಿವರಿ ಕಂಪನಿಯಲ್ಲಿದ್ದಾನೆ. ಅವರು ಬಸ್ ಹತ್ತೋದು ನಿಲ್ಲಿಸಿದ ದಿನ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮೆಷಿನ್ ತೂಕಕ್ಕೆ ಹೋಗುತ್ತೋ. ಹಿಂದೆ ಇಂಥ ವಿದ್ಯೆ ಕಲಿಸುವ ಜಾಗಗಳಿದ್ದವು. 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ಲೇತ್ ಮಾಡಿದ ಹಾಗೆಯೇ ಲೇತ್ ಬಲ್ಲ ಜನರನ್ನೂ ಮಾಡಿತು. ತುಮಕೂರಲ್ಲೇ ಅದರ ವಾಚ್ ಕಾರ್ಖಾನೆ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿತು, ಆ ಜಾಗ ಈಗ ಇಸ್ರೋದ್ದು. ಇಸ್ರೋ ಬಂದದ್ದಕ್ಕೆ ನಮಗೆ ಹೆಮ್ಮೆಯೇ. ಆದರೆ ಆ ಕಾರ್ಖಾನೆಗಳ ಮೆಂಟೆನೆನ್ಸ್ ವಿಭಾಗದಲ್ಲಿ ಕೂತು ಕಲಿಯುವ ದಾರಿ ಹೋಯಿತಲ್ಲ, ಅದರ ಬದಲಿಗೆ ಏನು ಬಂತು?

ಕೊರಟಗೆರೆಗೆ ಹತ್ತಿರದ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿನ ಇನ್ವರ್ಟರ್ ಒಳಗೂ ಇರೋದು ಇದೇ ಜಾತಿಯ ವಸ್ತುಗಳೇ: ಕೆಪಾಸಿಟರ್, ಫ್ಯಾನ್, ಪವರ್ ಟ್ರಾನ್ಸಿಸ್ಟರ್. ಬಿಸಿಲೂ ಅದೇ ಪಾವಗಡದ್ದು. ಇವತ್ತು ಹೊಸದಾಗಿರುವುದೆಲ್ಲ ಇನ್ನು ಹದಿನೈದು ವರ್ಷಕ್ಕೆ ಹಳೇದಾಗುತ್ತೆ. ಆಗ ಅದನ್ನ ರಿಪೇರಿ ಮಾಡುವವರು ಎಲ್ಲಿಂದ ಬರ್ತಾರೆ?

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆ ಬಳಕೆ ವಸ್ತು, ವಾಹನ ಅಂತ ನಾಲ್ಕು ವಲಯ. ಒಳ್ಳೆಯದೇ. ಆದರೆ ಕೃಷಿ ಯಂತ್ರದ ಭಾಗ ತಯಾರಿಸುವ ಲೇತ್ ಅದರಲ್ಲಿಲ್ಲ. ಟ್ರಾಕ್ಟರ್‌ಗೆ ಮ್ಯಾನುಯಲ್ ಕೇಳಬಹುದು, ಟ್ರಾಕ್ಟರ್ ಪಿನ್ ತಿರುವುವ ಮೆಷಿನ್ನಿನ ಸರ್ಕ್ಯೂಟ್ ಡಯಾಗ್ರಾಂ ಯಾರನ್ನ ಕೇಳೋದು?

ಎಲ್ಲವನ್ನೂ ರಿಪೇರಿ ಮಾಡಲೇಬೇಕು ಅಂತ ನಾವು ಹೇಳುತ್ತಿಲ್ಲ. ಬಾಲ್ ಸ್ಕ್ರೂ ಸವೆದಿದ್ದರೆ, ಸ್ಪಿಂಡಲ್ ಬೇರಿಂಗ್ ಹೋಗಿದ್ದರೆ, ಎಲೆಕ್ಟ್ರಾನಿಕ್ಸ್ ಸರಿ ಮಾಡಿ ಪ್ರಯೋಜನ ಇಲ್ಲ. ಕಂಪನಿಯ ಸ್ವಂತ ಐಸಿ ಸುಟ್ಟಿದ್ದರೆ ಮೇಷ್ಟ್ರೇ ಕೈ ಎತ್ತುತ್ತಾರೆ, ಆಗ ಹೊಸ ಕಂಟ್ರೋಲರ್ ಹಾಕಿಸೋದೇ ಸರಿ. ಆದರೆ ಆ ತೀರ್ಮಾನ ಮೀಟರ್ ಇಟ್ಟು ನೋಡಿದ ಮೇಲೆ ಬರಬೇಕು. ಮಾದರಿ ನಂಬರ್ ನೋಡಿ ಅಲ್ಲ.

ನಮ್ಮ ಕಾಲೇಜಿನ ವಿಷಯಕ್ಕೆ ಬಂದರೆ, ಸಿಆರ್‌ಒ ಕೆಟ್ಟರೆ ಅದು ಮೆಟ್ಟಿಲ ಕೆಳಗಿನ ರೂಮಿಗೆ ಹೋಗುತ್ತೆ. ಬಾಗಿಲ ಮೇಲೆ 'ಕಂಡೆಮ್ಡ್' ಅಂತ ಬರೆದಿದೆ. ಲ್ಯಾಬಿನ ಕಿಟ್‌ಗಳಲ್ಲಿ ಉತ್ತರ ಯಾವಾಗಲೂ ಬರುತ್ತೆ, ಬರದಿದ್ದರೆ ಪಕ್ಕದ ಬ್ಯಾಚಿನ ರೀಡಿಂಗ್ ಇದೆ. ಫೈನಲ್ ಇಯರ್ ಪ್ರಾಜೆಕ್ಟುಗಳೆಲ್ಲ ಸ್ಮಾರ್ಟ್ ಅದು, ಸ್ಮಾರ್ಟ್ ಇದು. ಸ್ಮಾರ್ಟ್ ಡಸ್ಟ್‌ಬಿನ್ ಈವರೆಗೆ ಎಷ್ಟಾಗಿದೆ ಅಂತ ಲೈಬ್ರರಿಯಲ್ಲಿ ಎಣಿಸಿ ನೋಡಿ. ಆ ಕಂಡೆಮ್ಡ್ ರೂಮಿನ ಬೀಗದ ಕೈ ನಮಗೆ ಕೊಡಿ ಅನ್ನೋದು ನಮ್ಮ ಮೊದಲ ಬೇಡಿಕೆ. ಎರಡನೇದು, ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿಗೆ ಒಂದು ನಿಜವಾದ ಫಾಲ್ಟ್ ಬರೆಯಲಿ: ಲಕ್ಷಣ ಏನು, ಎಲ್ಲಿ ಮೀಟರ್ ಇಟ್ಟೆವು, ಏನು ತಪ್ಪು ತಿಳಿದೆವು, ಕೊನೆಗೆ ಏನಿತ್ತು. ಕನ್ನಡದಲ್ಲಿ ಬರೆಯಲಿ. ಭಾಷಾಭಿಮಾನಕ್ಕೆ ಅಲ್ಲ. ಮಧುಗಿರಿಯ ಆ ಹುಡುಗ ಓದಬೇಕು ಅಂದರೆ ಬೇರೆ ದಾರಿ ಇಲ್ಲ.

ನಾವು ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಹನ್ನೊಂದು ಪುಟ ಆಗಿದೆ, ಮೇಷ್ಟ್ರು ಫೋನಲ್ಲಿ ಹೇಳ್ತಾರೆ, ನಾವು ಬರೆದುಕೊಳ್ತೀವಿ. ಮೊದಲ ಪುಟದಲ್ಲಿ ಇರೋದು ಅರ್ಥ್ ಗುಂಡಿಗೆ ನೀರು. ವರ್ಕ್‌ಶಾಪಲ್ಲಿ ಈಗ ಪ್ರತಿ ಶನಿವಾರ ಅದು ಒಬ್ಬರ ಡ್ಯೂಟಿ. ಮುಂದಿನ ಭಾನುವಾರ ಕೊರಟಗೆರೆಯಲ್ಲಿ ಒಂದು ಮಿಲ್ಲಿಂಗ್ ಮೆಷಿನ್ ನೋಡಬೇಕು, ಅದರ ಡಿಸ್‌ಪ್ಲೇಯಲ್ಲಿ ನಂಬರ್ ತಾನಾಗೇ ಓಡುತ್ತಂತೆ. ಮೇಷ್ಟ್ರು ಬರ್ತಾರೆ. ಬರುವವರಿದ್ದರೆ ಶುಕ್ರವಾರದೊಳಗೆ ಕನ್ನಡ ಸಂಘದ ರೂಮಲ್ಲಿ ಹೆಸರು ಕೊಡಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಕೈಯಲ್ಲಿ ಉಂಗುರ, ಕಡಗ ಇದ್ದರೆ ರೂಮಲ್ಲೇ ಬಿಟ್ಟು ಬನ್ನಿ.