ಎಂಟು ಚಿತ್ರಕ್ಕೆ ಎಷ್ಟೊಂದು ಲೆಕ್ಕ!

‘ಇದರಿಂದ ಕೆಲಸ ಸಿಗುತ್ತಾ?’

ಇಂಜಿನಿಯರಿಂಗ್ ಓದುವವರು ಏನೇ ಹೊಸದಾಗಿ ಕಲಿಯಲು ಹೊರಟರೂ ಮೊದಲು ಎದುರಾಗುವ ಪ್ರಶ್ನೆ ಇದು. ಪೈಥಾನ್ ಕೋರ್ಸ್ ಎಂದರೆ ‘ಹ್ಞೂಂ, ಮಾಡು’ ಅನ್ನುತ್ತಾರೆ. ಕ್ಯಾಡ್ ಸರ್ಟಿಫಿಕೇಟ್ ಎಂದರೂ ಅಡ್ಡಿಯಿಲ್ಲ. ಅರವತ್ತು ವರ್ಷ ಹಳೆಯ ಫಿಲ್ಮ್ ಕ್ಯಾಮೆರಾ ಎಂದರೆ ಮಾತ್ರ ಹಾಸ್ಟೆಲ್ಲಿನಿಂದ ಮನೆಯವರೆಗೆ ಎಲ್ಲರಿಗೂ ನಗು. ನನ್ನ ಉತ್ತರ ನೇರವಾಗಿಯೇ ಇದೆ: ಇಲ್ಲ, ಇದರಿಂದ ಕೆಲಸ ಸಿಗುವುದಿಲ್ಲ. ಆದರೆ ಕೆಲಸ ಸಿಕ್ಕ ಮೇಲೆ ನಮ್ಮಿಂದ ಏನನ್ನು ನಿರೀಕ್ಷಿಸುತ್ತಾರೋ ಅದನ್ನು ಮೂರು ವರ್ಷದ ನಮ್ಮ ಲ್ಯಾಬ್‌ಗಳಿಗಿಂತ ಚೆನ್ನಾಗಿ ಈ ಕ್ಯಾಮೆರಾ ಕಲಿಸಿದೆ. ಅದು ಕ್ಯಾಮೆರಾದ ಹೆಚ್ಚುಗಾರಿಕೆಯೋ ಲ್ಯಾಬ್‌ಗಳ ಕೊರತೆಯೋ ಎಂಬುದನ್ನು ನೀವೇ ತೀರ್ಮಾನಿಸಿ.

ಕ್ಯಾಮೆರಾ ನನ್ನದಲ್ಲ, ಅಜ್ಜನ ತಮ್ಮನದು. ಚಿಕ್ಕಜ್ಜ ಒಂದು ಕಾಲದಲ್ಲಿ ಕಾರ್ಖಾನೆಗಳಿಗೆ ಹೋಗಿ ಯಂತ್ರಗಳ, ಕಟ್ಟಡಗಳ ಫೋಟೊ ತೆಗೆದುಕೊಡುತ್ತಿದ್ದರು. ಅದಕ್ಕೆಂದೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು ಜರ್ಮನಿಯ ಲಿನ್‌ಹೋಫ್ ಟೆಕ್ನಿಕಾ. ಲಿನ್‌ಹೋಫ್ ಮ್ಯೂನಿಕ್ ನಗರದಲ್ಲಿ 1887ರಲ್ಲಿ ಶುರುವಾದ ಕಂಪನಿ. ಇಂಥ ಕ್ಯಾಮೆರಾವನ್ನು ‘ಟೆಕ್ನಿಕಲ್ ಕ್ಯಾಮೆರಾ’ ಎನ್ನುತ್ತಾರೆ. ಮುಚ್ಚಿದಾಗ ಟಿಫನ್ ಕ್ಯಾರಿಯರ್ ಗಾತ್ರದ ಲೋಹದ ಪೆಟ್ಟಿಗೆ. ಮುಂದಿನ ಬಾಗಿಲು ತೆರೆದು ಹಳಿಯ ಮೇಲೆ ಲೆನ್ಸ್ ಎಳೆದರೆ ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಮಸುಕು ಗಾಜು. ಅದರ ಮೇಲೆ ಎದುರಿನ ದೃಶ್ಯ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ. ಬ್ಯಾಟರಿ ಇಲ್ಲ, ಮೀಟರ್ ಇಲ್ಲ, ಆಟೊ ಎಂಬುದು ಏನೂ ಇಲ್ಲ.

ಇದಕ್ಕೆ ಹಾಕುವುದು 120 ಎಂಬ ಹೆಸರಿನ ಅಗಲ ಫಿಲ್ಮ್. ಕೊಡ್ಯಾಕ್ 1901ರಲ್ಲಿ ತಂದ ಅಳತೆ ಅದು, ಇವತ್ತಿಗೂ ತಯಾರಾಗುತ್ತಿದೆ. ನಮ್ಮ ಅಪ್ಪ-ಅಮ್ಮನ ಮದುವೆ ಆಲ್ಬಮ್ಮಿನ 35 ಮಿ.ಮೀ. ಫಿಲ್ಮ್‌ನಲ್ಲಿ ಒಂದು ಚಿತ್ರ 24x36 ಮಿ.ಮೀ. ಇದರಲ್ಲಿ ಸುಮಾರು 56x84 ಮಿ.ಮೀ. ವಿಸ್ತೀರ್ಣ ಐದು ಪಟ್ಟಿಗೂ ಹೆಚ್ಚು. ಹಾಗಾಗಿ ಒಂದು ರೋಲ್‌ಗೆ ಸಿಗುವುದು ಎಂಟೇ ಚಿತ್ರ. ನಾನು ಕೊಂಡ ಕಪ್ಪು-ಬಿಳುಪು ರೋಲ್‌ಗೆ 880 ರೂಪಾಯಿ. ಅಂದರೆ ಒಂದು ಕ್ಲಿಕ್‌ಗೆ 110 ರೂಪಾಯಿ, ಮೇಲೆ ಕೆಮಿಕಲ್ ಖರ್ಚು ಬೇರೆ. ಹಾಸ್ಟೆಲ್ ಮೆಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕ್ಲಿಕ್ ಎಂದರೆ ಒಂದು ದಿನದ ಊಟ.

ಕ್ಯಾಮೆರಾ ಕೈಗೆ ಕೊಡುವಾಗ ಚಿಕ್ಕಜ್ಜ ಹೇಳಿದ್ದು ಒಂದೇ ಮಾತು: ‘ಮೊದ್ಲು ಒಂದು ತಿಂಗಳು ಖಾಲಿ ಕ್ಯಾಮೆರಾ ಹಿಡ್ಕೊಂಡು ಓಡಾಡು. ಫಿಲ್ಮ್ ಆಮೇಲೆ.’

ಯಾಕೆಂದು ಬೇಗ ಅರ್ಥವಾಯಿತು. ಒಂದು ಚಿತ್ರಕ್ಕೆ ಇರುವ ಹೆಜ್ಜೆಗಳನ್ನು ನೋಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಮಟ್ಟ ನೋಡಬೇಕು. ಷಟರ್ ತೆರೆದು ಗಾಜಿನ ಮೇಲೆ ಫೋಕಸ್ ಮಾಡಬೇಕು. ಬೆಳಕು ಅಳೆದು ಅಪರ್ಚರ್, ವೇಗ ಹೊಂದಿಸಬೇಕು. ಷಟರ್ ಮುಚ್ಚಿ ಅದರ ಸ್ಪ್ರಿಂಗ್ ಎಳೆದಿಡಬೇಕು. ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ಸಿಕ್ಕಿಸಿ, ಅದರ ಮುಂದಿನ ಡಾರ್ಕ್ ಸ್ಲೈಡ್ ಎಂಬ ತಗಡನ್ನು ಹೊರಗೆಳೆಯಬೇಕು. ಆಗ ಕ್ಲಿಕ್. ಮತ್ತೆ ತಗಡು ಒಳಗೆ. ಷಟರ್ ಮುಚ್ಚುವ ಮೊದಲೇ ತಗಡು ಎಳೆದರೆ ಫಿಲ್ಮ್ ಪೂರ್ತಿ ಬಿಳುಚಿಹೋಗುತ್ತದೆ, ಎಳೆಯದೇ ಬಿಟ್ಟರೆ ಏನೂ ಮೂಡುವುದಿಲ್ಲ. ವಿಮಾನದ ಪೈಲಟ್‌ಗಳು, ಆಪರೇಷನ್ ಥಿಯೇಟರಿನ ವೈದ್ಯರು ಚೆಕ್‌ಲಿಸ್ಟ್ ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಇದಕ್ಕಿಂತ ಅಗ್ಗದಲ್ಲಿ ಕಲಿಯುವ ದಾರಿ ನನಗೆ ಗೊತ್ತಿಲ್ಲ.

ಆದರೆ ಈ ಕ್ಯಾಮೆರಾದ ನಿಜವಾದ ಸೊಗಸು ಇರುವುದು ಲೆನ್ಸ್ ಜರುಗುವುದರಲ್ಲಿ. ಸಾಮಾನ್ಯ ಕ್ಯಾಮೆರಾದಲ್ಲಿ ಲೆನ್ಸ್ ಮತ್ತು ಫಿಲ್ಮ್ ಒಂದಕ್ಕೊಂದು ಎದುರಾಗಿ ಗಟ್ಟಿಯಾಗಿ ಕೂತಿರುತ್ತವೆ. ಇಲ್ಲಿ ಲೆನ್ಸನ್ನು ಮೇಲೆತ್ತಬಹುದು, ಪಕ್ಕಕ್ಕೆ ಸರಿಸಬಹುದು, ಓರೆ ಮಾಡಬಹುದು.

ನಮ್ಮ ದಾವಣಗೆರೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರು. ಈಗ ಹತ್ತಿ ಗಿರಣಿಗಳು ಬಹುಪಾಲು ಮುಚ್ಚಿವೆ. ಅಲ್ಲಲ್ಲಿ ಚಿಮಣಿಗಳು ಉಳಿದಿವೆ. ರಸ್ತೆಯಲ್ಲಿ ನಿಂತು ಮೊಬೈಲನ್ನು ಮೇಲಕ್ಕೆತ್ತಿ ಒಂದು ಚಿಮಣಿಯ ಫೋಟೊ ತೆಗೆಯಿರಿ. ಅದು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ, ತುದಿ ಇನ್ನಷ್ಟು ಸಪೂರ. ಕಾರಣ ಸರಳ. ಮೊಬೈಲ್ ಓರೆಯಾದಾಗ ಅದರ ಸೆನ್ಸರ್ ಚಿಮಣಿಗೆ ಸಮಾಂತರವಾಗಿ ಉಳಿಯುವುದಿಲ್ಲ, ಬುಡಕ್ಕೂ ತುದಿಗೂ ದೊಡ್ಡದಾಗಿಸುವ ಪ್ರಮಾಣ ಬೇರೆಬೇರೆಯಾಗುತ್ತದೆ. ಟೆಕ್ನಿಕಾದಲ್ಲಿ ಕ್ಯಾಮೆರಾವನ್ನು ನೆಟ್ಟಗೆ, ಮಟ್ಟವಾಗಿಯೇ ಇಟ್ಟು ಲೆನ್ಸನ್ನು ಮಾತ್ರ ಒಂದೆರಡು ಸೆಂಟಿಮೀಟರ್ ಮೇಲೆತ್ತುತ್ತೇನೆ. ಲೆನ್ಸ್ ಚೆಲ್ಲುವ ಬೆಳಕಿನ ವೃತ್ತ ಫಿಲ್ಮ್‌ಗಿಂತ ದೊಡ್ಡದಿರುವುದರಿಂದ, ಆ ವೃತ್ತದ ಬೇರೊಂದು ಭಾಗ ಫಿಲ್ಮ್ ಮೇಲೆ ಬಂದು ಕೂರುತ್ತದೆ. ಚಿಮಣಿಯ ತುದಿಯೂ ಸಿಗುತ್ತದೆ, ಗೆರೆಗಳೂ ನೆಟ್ಟಗಿರುತ್ತವೆ. ಮೊದಲ ಸೆಮಿಸ್ಟರಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಪಾಸಾಗಲು ಉರು ಹೊಡೆದ ಪ್ರೊಜೆಕ್ಷನ್ ಪಾಠ, ಗಾಜಿನ ಮೇಲೆ ಕಣ್ಣೆದುರು ನಡೆಯುವುದನ್ನು ನೋಡಿದಾಗಲೇ ನನಗೆ ತಲೆಗೆ ಹೋದದ್ದು.

ಇನ್ನೊಂದು ಚಲನೆ ಲೆನ್ಸನ್ನು ಓರೆ ಮಾಡುವುದು. ಲೆನ್ಸಿನ ಸಮತಲ, ಫಿಲ್ಮಿನ ಸಮತಲ ಮತ್ತು ವಸ್ತುವಿನ ಸಮತಲ ಮೂರೂ ಒಂದೇ ಗೆರೆಯಲ್ಲಿ ಸಂಧಿಸಿದರೆ ಆ ವಸ್ತು ಪೂರ್ತಿ ಸ್ಪಷ್ಟವಾಗಿ ಮೂಡುತ್ತದೆ. ಅಂಗಳದ ರಂಗೋಲಿಯನ್ನು ಒಂದು ಮೂಲೆಯಿಂದ ಓರೆಯಾಗಿ ನೋಡಿದರೂ ಹತ್ತಿರದ ಚುಕ್ಕಿಯಿಂದ ದೂರದ ಚುಕ್ಕಿಯವರೆಗೆ ಎಲ್ಲವೂ ಫೋಕಸ್‌ನಲ್ಲಿ. ಇದಕ್ಕೆ ಶೈಮ್‌ಫ್ಲೂಗ್ ತತ್ವ ಎಂದು ಹೆಸರು. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಮ್‌ಫ್ಲೂಗ್ ಆಕಾಶದಿಂದ ತೆಗೆದ ಓರೆ ಚಿತ್ರಗಳನ್ನು ನಕ್ಷೆ ಮಾಡಲು ಸರಿಪಡಿಸುವ ಕೆಲಸದಲ್ಲಿ ಇದನ್ನು ಬಳಸಿ 1904ರಲ್ಲಿ ಪೇಟೆಂಟ್ ಪಡೆದರು.

ಇಲ್ಲಿಗೆ ಬಂದಾಗ ‘ಕೆಲಸಕ್ಕೆ ಬಾರದ್ದು’ ಎಂಬ ಮಾತು ಸ್ವಲ್ಪ ಅಲುಗಾಡುತ್ತದೆ. ಕಣ್ಣಾಸ್ಪತ್ರೆಗಳಲ್ಲಿ ಕಾರ್ನಿಯಾದ ಆಕಾರ ಅಳೆಯುವ ಯಂತ್ರಗಳಲ್ಲಿ ಇದೇ ತತ್ವದ ಕ್ಯಾಮೆರಾ ಇದೆ. ಕಾರ್ಖಾನೆಗಳಲ್ಲಿ ಬೆಸುಗೆಯ ಉಬ್ಬುತಗ್ಗು ನೋಡುವ ಲೇಸರ್ ಸೆನ್ಸರ್‌ಗಳು ಇದನ್ನೇ ನೆಚ್ಚಿಕೊಂಡಿವೆ. ಗಾಳಿಯ ಹರಿವನ್ನು ಎರಡು ಕ್ಯಾಮೆರಾಗಳಿಂದ ಓರೆಯಾಗಿ ನೋಡಿ ಅಳೆಯುವ ಪ್ರಯೋಗಾಲಯಗಳಲ್ಲೂ ಲೆನ್ಸ್ ಹೀಗೆಯೇ ವಾಲಿಕೊಂಡಿರುತ್ತದೆ. ಮೆಷಿನ್ ವಿಷನ್ ಕ್ಷೇತ್ರಕ್ಕೆ ಹೋಗಬೇಕೆಂದಿರುವ ಗೆಳೆಯರೇ, ನೀವು ನಾಳೆ ಸಾಫ್ಟ್‌ವೇರಿನಲ್ಲಿ ನೋಡುವ ಕೋನವನ್ನು ಇಲ್ಲಿ ಬೆರಳಿನಿಂದ ತಿರುಗಿಸಬಹುದು.

ಇನ್ನು ಷಟರ್ ವಿಷಯ. ಅದು ಗಡಿಯಾರದಂತೆ ಸ್ಪ್ರಿಂಗ್, ಹಲ್ಲಿನ ಚಕ್ರಗಳಿಂದ ನಡೆಯುತ್ತದೆ. ಅರವತ್ತು ವರ್ಷದ ಸ್ಪ್ರಿಂಗ್ ತನ್ನ ಮೇಲೆ ಬರೆದಷ್ಟೇ ವೇಗದಲ್ಲಿ ತೆರೆದು ಮುಚ್ಚುತ್ತದೆಯೇ? ನಂಬುವುದಕ್ಕಿಂತ ಅಳೆಯುವುದು ಮೇಲು. ಲೆನ್ಸಿನ ಒಂದು ಕಡೆ ಎಲ್‌ಇಡಿ ಟಾರ್ಚ್, ಇನ್ನೊಂದು ಕಡೆ ಫೋಟೊ ಟ್ರಾನ್ಸಿಸ್ಟರ್, ಅದಕ್ಕೊಂದು ಆರ್ಡುಯಿನೊ ಬೋರ್ಡ್. ಬೆಳಕು ಎಷ್ಟು ಹೊತ್ತು ಬಿತ್ತು ಎಂಬುದನ್ನು ಅದು ಎಣಿಸುತ್ತದೆ. ಪ್ರತಿ ವೇಗಕ್ಕೂ ಹತ್ತು ಸಲ ಅಳೆದೆ. ಒಂದು ಸೆಕೆಂಡ್ ಎಂದು ಬರೆದಲ್ಲಿ 1.25 ಸೆಕೆಂಡ್. 1/125 ಎಂದು ಬರೆದಲ್ಲಿ 8 ಮಿಲಿಸೆಕೆಂಡ್ ಬದಲು 9.6. ಆದರೆ ಹತ್ತೂ ಸಲ ಹೆಚ್ಚುಕಡಿಮೆ ಅದೇ ಅಂಕಿ. ಅಂದರೆ ಷಟರ್ ನಿಖರವಲ್ಲ, ಆದರೆ ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತದೆ. ಅಂಥ ತಪ್ಪಿಗೆ ಲೆಕ್ಕದಲ್ಲಿ ಪರಿಹಾರವಿದೆ. ಅಳತೆಯ ಪಟ್ಟಿಯೊಂದನ್ನು ಬರೆದು ಕ್ಯಾಮೆರಾದ ಬೆನ್ನಿಗೆ ಅಂಟಿಸಿದ್ದೇನೆ. ಆಕ್ಯುರಸಿ, ಪ್ರಿಸಿಷನ್ ನಡುವಿನ ವ್ಯತ್ಯಾಸ ಬರೆಯಿರಿ ಎಂಬ ನಾಲ್ಕು ಅಂಕದ ಪ್ರಶ್ನೆಗೆ ಈಗ ನಾನು ಪುಸ್ತಕ ನೋಡಬೇಕಿಲ್ಲ.

ಹತ್ತಿರದ ವಸ್ತುವಿಗೆ ಇನ್ನೊಂದು ಲೆಕ್ಕ ಸೇರುತ್ತದೆ. ತಿದಿ ಉದ್ದವಾದಷ್ಟೂ ಫಿಲ್ಮ್ ತಲುಪುವ ಬೆಳಕು ಕಡಿಮೆ. 105 ಮಿ.ಮೀ. ಲೆನ್ಸನ್ನು 150 ಮಿ.ಮೀ.ವರೆಗೆ ಎಳೆದರೆ, 150 ಭಾಗಿಸು 105, ಅದರ ವರ್ಗ. ಉತ್ತರ ಸುಮಾರು 2. ಬೆಳಕಿಗೆ ಎರಡರಷ್ಟು ಸಮಯ ಕೊಡಬೇಕು. ಪಿಯುಸಿಯ ವಿಲೋಮ ವರ್ಗ ನಿಯಮ, ಇಲ್ಲಿ ತಪ್ಪಿದರೆ 110 ರೂಪಾಯಿ ದಂಡ.

ಈಗ ನಮ್ಮ ಲ್ಯಾಬ್‌ಗಳಿಗೆ ಬರೋಣ. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವುದು, ಗ್ರಾಫಿನಲ್ಲಿ ಮೊದಲು ಗೆರೆ ಎಳೆದು ಆಮೇಲೆ ಅದರ ಮೇಲೆ ಬಿಂದು ಇಡುವುದು ಯಾವ ಕಾಲೇಜಿನಲ್ಲಿ ನಡೆಯುವುದಿಲ್ಲ ಹೇಳಿ? ಇಪ್ಪತ್ತು ಜನರ ಬ್ಯಾಚಿಗೆ ಒಂದು ಯಂತ್ರ, ಮುಟ್ಟುವವರು ಇಬ್ಬರು, ಉಳಿದವರು ಬರೆದುಕೊಳ್ಳುವವರು. ‘ಸರಿಯಾದ’ ಉತ್ತರ ಬಂದರೆ ಸಹಿ, ನಿಜವಾದ ಉತ್ತರ ಬಂದರೆ ‘ರಿಪೀಟ್ ಮಾಡಿ’. ಹೀಗಿರುವಾಗ ಯಂತ್ರ ತಪ್ಪು ತೋರಿಸಿದರೆ ಅದನ್ನು ಮುಚ್ಚಿಡುವುದನ್ನು ಕಲಿಯುತ್ತೇವೆಯೇ ಹೊರತು, ಎಷ್ಟು ತಪ್ಪು ಎಂದು ಅಳೆಯುವುದನ್ನಲ್ಲ. ಫಿಲ್ಮಿಗೆ ಸೀನಿಯರ್ ರೆಕಾರ್ಡ್ ಇಲ್ಲ. ನೆಗೆಟಿವ್ ಡೆವಲಪ್ ಆಗಿ ಹೊರಬಂದಾಗ ಅಲ್ಲಿರುವುದು ನಾವು ಮಾಡಿದ್ದರ ಫಲ ಮಾತ್ರ.

ಎದುರು ವಾದಗಳೂ ಇವೆ, ಅವು ಹುಸಿಯಲ್ಲ. ಚಿಮಣಿಯ ಓರೆಯನ್ನು ಫೋಟೊಶಾಪಿನಲ್ಲಿ ಅರೆ ನಿಮಿಷದಲ್ಲಿ ನೆಟ್ಟಗೆ ಮಾಡಬಹುದು. ನಿಜ. ಹಾಗೆ ಮಾಡುವಾಗ ಮೇಲಿನ ಭಾಗದ ಪಿಕ್ಸೆಲ್‌ಗಳನ್ನು ಹಿಗ್ಗಿಸಬೇಕು, ಅಂಚು ಕತ್ತರಿಸಬೇಕು ಎಂಬುದು ಗೊತ್ತಿದ್ದರೆ ಸಾಕು. ನಿತ್ಯದ ಬಳಕೆಗೆ ಮೊಬೈಲೇ ಧಾರಾಳ. ನಾನೂ ಲ್ಯಾಬ್ ನೋಟ್ಸ್ ಫೋಟೊಗೆ ಟ್ರೈಪಾಡ್ ಹೂಡುವುದಿಲ್ಲ.

ಖರ್ಚಿನ ವಾದ ಇನ್ನೂ ಗಟ್ಟಿ. ಫಿಲ್ಮ್ ಈಗ ನಮ್ಮಲ್ಲಿ ತಯಾರಾಗುವುದಿಲ್ಲ. ಪಕ್ಕದ ಊಟಿಯಲ್ಲೇ 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್ ಮಾಡುತ್ತಿತ್ತು. ಡಿಜಿಟಲ್ ಬಂದಾಗ ಅದು ನಿಲ್ಲಲಾಗದೆ ಮುಚ್ಚಿತು. ಈಗ ಎಲ್ಲವೂ ಆಮದು. ಮನೆಯಲ್ಲೂ ಅಪ್ಪ ಒಮ್ಮೆ ಹೇಳಿದ್ದುಂಟು: ‘ಮಾರಿದ್ರೆ ಒಂದು ಸೆಮಿಸ್ಟರ್ ಫೀಸಿಗೆ ಆಗುತ್ತೆ, ಚಿಕ್ಕಜ್ಜನೂ ಬೇಡ ಅನ್ನಲ್ಲ.’ ಸಾಲದ ಕಂತು ಕಟ್ಟುವ ಮನೆಯಲ್ಲಿ ಆ ಮಾತಿಗೆ ತೂಕವಿದೆ. ನಾವು ಮಾಡಿಕೊಂಡ ಒಪ್ಪಂದ ಇಷ್ಟು: ವರ್ಷಕ್ಕೆ ಆರು ರೋಲ್, ಅದೂ ಜೂನಿಯರ್‌ಗಳಿಗೆ ಟ್ಯೂಷನ್ ಹೇಳಿದ ದುಡ್ಡಿನಲ್ಲಿ. ಆ 48 ಚಿತ್ರಗಳಲ್ಲಿ ಊರಿನ ಗಿರಣಿಗಳು ಹೊರಗಿನಿಂದ ಹೇಗೆ ಉಳಿದಿವೆ ಎಂಬುದನ್ನು ದಾಖಲಿಸುತ್ತಿದ್ದೇನೆ. ಹಂಪಿಯನ್ನು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿಟ್ಟರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಏನು ಬಿತ್ತು, ಏನು ಉಳಿಯಿತು ಎಂಬುದು ಕಾಣುತ್ತದೆ. ಗಿರಣಿಗಳಿಗೆ ಅಂಥ ಮೊದಲ ಚಿತ್ರವನ್ನಾದರೂ ಯಾರಾದರೂ ತೆಗೆದಿಡಬೇಕಲ್ಲ. ಚಿಮಣಿ ಬಿದ್ದ ಮೇಲೆ ತೆಗೆಯಲಾಗುವುದಿಲ್ಲ.

ಎಲ್ಲರ ಮನೆಯಲ್ಲೂ ಚಿಕ್ಕಜ್ಜ ಇರುವುದಿಲ್ಲ, ಟೆಕ್ನಿಕಾ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಒಂದರೊಳಗೊಂದು ಜಾರುವ ಎರಡು ರಟ್ಟಿನ ಪೆಟ್ಟಿಗೆ ಮಾಡಿಕೊಳ್ಳಿ. ಮುಂದೆ ತೂತು ಮಾಡಿ ಸ್ಟೇಷನರಿ ಅಂಗಡಿಯ ಭೂತಗನ್ನಡಿ ಅಂಟಿಸಿ. ಹಿಂದೆ ಟ್ರೇಸಿಂಗ್ ಪೇಪರ್. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕಿಟಕಿಯ ಕಡೆ ಹಿಡಿಯಿರಿ. ತಲೆಕೆಳಗಾದ ಬೀದಿ ಕಾಣುತ್ತದೆ. ಭೂತಗನ್ನಡಿಯನ್ನು ಸ್ವಲ್ಪ ವಾಲಿಸಿ ನೋಡಿ, ಸ್ಪಷ್ಟವಾಗಿ ಕಾಣುವ ಜಾಗ ಹೇಗೆ ಬದಲಾಗುತ್ತದೆ ಎಂದು. ಒಂದು ಮಧ್ಯಾಹ್ನದ ಕೆಲಸ, ನೂರಿನ್ನೂರು ರೂಪಾಯಿ ಖರ್ಚು.

ಕಾಲೇಜುಗಳಿಗೂ ಒಂದು ಮನವಿ. ಪ್ರತಿ ವಿಭಾಗದ ಸ್ಟೋರ್ ರೂಮಿನಲ್ಲೂ ಹಳೆಯ ಥಿಯೋಡೊಲೈಟ್, ಆಸಿಲೋಸ್ಕೋಪ್, ಪ್ರೊಜೆಕ್ಟರ್ ಧೂಳು ತಿನ್ನುತ್ತಿರುತ್ತವೆ. ಕೊನೆಗೊಂದು ದಿನ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಹಾಗೆ ಹೋಗುವ ಮುನ್ನ ನಾಲ್ವರ ಒಂದೊಂದು ತಂಡಕ್ಕೆ ಒಂದೊಂದನ್ನು ಮಿನಿ ಪ್ರಾಜೆಕ್ಟ್ ಆಗಿ ಕೊಡಿ. ಬಿಚ್ಚಲಿ, ಅಳೆಯಲಿ, ಸಾಧ್ಯವಾದರೆ ಸರಿಮಾಡಲಿ. ಯಂತ್ರ ಎಷ್ಟು ತಪ್ಪು ತೋರಿಸುತ್ತದೆ ಎಂದು ಪ್ರಾಮಾಣಿಕವಾಗಿ ಬರೆದ ತಂಡಕ್ಕೆ ಪೂರ್ತಿ ಅಂಕ ಕೊಡಿ. ಇದಕ್ಕೆ ಹೊಸ ಬಜೆಟ್ ಬೇಡ, ಸ್ಟೋರ್ ರೂಮಿನ ಬೀಗದ ಕೈ ಸಾಕು.

ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ನಮ್ಮಲ್ಲಿ ಬಹುತೇಕರ ಬಳಿ ಇರುವುದು ಅದೇ ಅಂತರ್ಜಾಲದ ಉತ್ತರ. ನಮ್ಮ ಕೈಯಾರೆ ಅಳೆದ ಒಂದು ಅಂಕಿ, ಅದು ಯಾಕೆ ಹಾಗೆ ಬಂತು ಎಂದು ಹೇಳಬಲ್ಲ ಒಂದು ವಾಕ್ಯ ಇದ್ದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಅಂಥ ಒಂದು ಅಂಕಿಯನ್ನು ಈ ಸೆಮಿಸ್ಟರಿನಲ್ಲಿ ಸಂಪಾದಿಸಿಕೊಳ್ಳಿ. ಕ್ಯಾಮೆರಾದಿಂದಲೇ ಆಗಬೇಕೆಂದಿಲ್ಲ.