ಬಲ್ಲವರಿಗೂ ಬೇಕು ಪಟ್ಟಿ

ಎಷ್ಟೇ ಅನುಭವವಿರುವ ಪೈಲಟ್ ಆದರೂ ಹೊರಡುವ ಮುನ್ನ ಪ್ರತಿಸಲವೂ ಚೆಕ್‌ಲಿಸ್ಟ್ ನೋಡಲೇಬೇಕು. ಒಬ್ಬರು ಅದನ್ನು ಓದುತ್ತಾರೆ, ಇನ್ನೊಬ್ಬರು ಪ್ರತಿಯೊಂದನ್ನೂ ಪರೀಕ್ಷಿಸಿ ಉತ್ತರಿಸುತ್ತಾರೆ. ಎಲ್ಲ ಬಾಯಿಪಾಠವಾದವರಿಗೆ ಪಟ್ಟಿಯೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಎರಡು ಅಪಘಾತಗಳಲ್ಲಿದೆ.

1935ರ ಅಕ್ಟೋಬರ್ 30. ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ 'ಮಾಡೆಲ್ 299' ಪರೀಕ್ಷಾ ಹಾರಾಟಕ್ಕೆ ಹೊರಟಿತು. ಮೇಲೇರಿದ್ದೇ ತಡ, ಮೂತಿ ವಿಪರೀತ ಎತ್ತಿ, ವೇಗ ಕಳೆದುಕೊಂಡು ನೆಲಕ್ಕಪ್ಪಳಿಸಿತು. ಮೇಜರ್ ಪ್ಲಾಯರ್ ಹಿಲ್ ಮತ್ತು ಬೋಯಿಂಗ್‌ನ ಪೈಲಟ್ ಲೆಸ್ಲಿ ಟವರ್ ಪ್ರಾಣ ಕಳೆದುಕೊಂಡರು. ಎಂಜಿನ್‌ಗಳು ಕೈಕೊಟ್ಟಿರಲಿಲ್ಲ. 'ಗಸ್ಟ್ ಲಾಕ್' ತೆಗೆಯುವುದು ಮರೆತುಹೋಗಿತ್ತು.

ಏನಿದು ಗಸ್ಟ್ ಲಾಕ್? ವಿಮಾನವನ್ನು ಏರಿಸಿ, ಇಳಿಸಿ, ತಿರುಗಿಸಲು ಅದರ ರೆಕ್ಕೆ ಮತ್ತು ಬಾಲದಲ್ಲಿ ಬಾಗಿಲಿನಂತೆ ಆಡುವ ಹಲಗೆಗಳಿರುತ್ತವೆ. ವಿಮಾನ ನಿಂತಿರುವಾಗ ಜೋರು ಗಾಳಿಗೆ ಅವು ಬಡಿದುಕೊಂಡು ಹಾಳಾಗದಂತೆ ಹಿಡಿದಿಡುವ ಬೀಗವೇ ಇದು. ಇದನ್ನು ತೆಗೆಯದೆ ಹೊರಟರೆ ವಿಮಾನ ಚಾಲಕನ ಮಾತು ಕೇಳುವುದಿಲ್ಲ.

ಈ ಅಪಘಾತದ ಬಳಿಕವೇ ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಂದು ನೆಲೆಯೂರಿತು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ 12,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2014ರ ಮೇ 31ರ ರಾತ್ರಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ವಿಮಾನವೊಂದು ರನ್‌ವೇ ಮೇಲೆ ಓಡಿತು, ಆದರೆ ಮೇಲೇಳಲಿಲ್ಲ. ರನ್‌ವೇ ದಾಟಿ ಹಳ್ಳಕ್ಕೆ ನುಗ್ಗಿ ಉರಿದುಹೋಯಿತು. ಒಳಗಿದ್ದ 7 ಮಂದಿಯೂ ಸತ್ತರು. ಮತ್ತೆ ಅದೇ ಗಸ್ಟ್ ಲಾಕ್!

ಇಬ್ಬರು ಪೈಲಟ್‌ಗಳೂ ತಲಾ 10,000 ಗಂಟೆಗಿಂತ ಹೆಚ್ಚು ಹಾರಿದ್ದವರು. ಹೊರಡುವ ಮುನ್ನ ಚಾಲನಾ ಹಿಡಿಕೆಯನ್ನು ಎಲ್ಲ ದಿಕ್ಕಿಗೂ ಪೂರ್ತಿ ಆಡಿಸಿ ನೋಡಬೇಕೆಂಬುದು ನಿಯಮ. ಕೆಲವೇ ಕ್ಷಣಗಳ ಈ ಕೆಲಸ ಮಾಡಿದ್ದರೆ ಬೀಗ ಹಾಗೇ ಇರುವುದು ಗೊತ್ತಾಗುತ್ತಿತ್ತು. ಬೀಗದ ವಿನ್ಯಾಸದಲ್ಲೂ ದೋಷವಿತ್ತು, ನಿಜ. ಆದರೆ ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಗಾಬರಿ ಹುಟ್ಟಿಸುವಂಥದು. ಅದಕ್ಕೆ ಹಿಂದಿನ 175 ಹಾರಾಟಗಳ ಪೈಕಿ ಶೇಕಡಾ 98ರಲ್ಲಿ ಈ ಪರೀಕ್ಷೆ ಪೂರ್ತಿಯಾಗಿ ನಡೆದೇ ಇರಲಿಲ್ಲ.

ಅಷ್ಟೂ ಸಲ ಏನೂ ಆಗಲಿಲ್ಲ. ಅಪಾಯ ಅಡಗಿರುವುದೇ ಇಲ್ಲಿ. ಬೀಗ ತೆಗೆದಿದ್ದ ದಿನ ಪರೀಕ್ಷೆ ಬಿಟ್ಟರೂ ವಿಮಾನ ಹಾರುತ್ತದೆ. ಇದರಿಂದ ಪರೀಕ್ಷೆ ಅನಗತ್ಯವೆಂದು ಸಿದ್ಧವಾಗುವುದಿಲ್ಲ, ಅಂದು ಬೀಗ ತೆಗೆದಿತ್ತೆಂದಷ್ಟೇ ಸಿದ್ಧವಾಗುತ್ತದೆ. ಮನಸ್ಸು ಮಾತ್ರ ಮೊದಲನೆಯ ತೀರ್ಮಾನಕ್ಕೇ ಬರುತ್ತದೆ. 1935ರದು ಮರೆವು, ಅದಕ್ಕೆ ಪಟ್ಟಿಯೇ ಮದ್ದು. 2014ರದು ಅಸಡ್ಡೆ, ಪಟ್ಟಿ ಕೈಯಲ್ಲಿದ್ದರೂ ಓದದವರಿಗೆ ಅದರಿಂದೇನು ಪ್ರಯೋಜನ?

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯ ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ನೋಂದಣಿ ಸಂಖ್ಯೆ, ಪ್ರಶ್ನೆಯ ಸಂಖ್ಯೆ, ಲೆಕ್ಕದ ಕೊನೆಗೆ ಮಾನ, ಬಿಟ್ಟುಹೋದ ಪುಟ, ಎಲ್ಲವನ್ನೂ ಬೆರಳಿಟ್ಟು ನೋಡಿ. ಕಳೆದ ಸಲ ತಪ್ಪು ಸಿಗಲಿಲ್ಲವೆಂದು ಈ ಸಲ ಬಿಡಬೇಡಿ. ತಂದೆ ತಾಯಂದಿರೇ, ಜಾಣ ಮಗುವಿಗೆ "ನಿನಗೆಲ್ಲ ಗೊತ್ತು ಬಿಡು" ಎನ್ನುವ ಬದಲು "ಇನ್ನೊಮ್ಮೆ ನೋಡಿದೆಯಾ?" ಎಂದು ಕೇಳಿ. ಹೆಚ್ಚು ಬಲ್ಲ ಮಗುವಿಗೇ ಈ ಪ್ರಶ್ನೆ ಹೆಚ್ಚು ಬೇಕು.