ಸಿಟ್ಟಿಗೆ ಒಂದು ಬೇಡಿಕೆ ಇರುತ್ತದೆ, ದ್ವೇಷಕ್ಕೆ?

ಸರ್ಜಾಪುರ ಹೋಬಳಿಯಲ್ಲಿ ಇವತ್ತು ಯಾರನ್ನು ಮಾತಾಡಿಸಿದರೂ ಯಾರ ಮೇಲಾದರೂ ಸಿಟ್ಟು ಇದ್ದೇ ಇದೆ. ರೈತರಿಗೆ ಜಮೀನು ಸ್ವಾಧೀನ ಮಾಡುವ ಕೆಐಎಡಿಬಿ ಮೇಲೆ, ಕೊಳವೆಬಾವಿ ಬತ್ತಿದವರಿಗೆ ಟ್ಯಾಂಕರ್ ಮಾಲೀಕರ ಮೇಲೆ, ಅಪಾರ್ಟ್‌ಮೆಂಟಿನವರಿಗೆ ರಸ್ತೆ ಮಾಡದ ಸರ್ಕಾರದ ಮೇಲೆ, ಊರಿನವರಿಗೆ ಕನ್ನಡ ಕಲಿಯದವರ ಮೇಲೆ. ಬಹುಪಾಲು ಸಿಟ್ಟು ನ್ಯಾಯವಾದದ್ದೇ. ಆದರೆ ಟೀ ಅಂಗಡಿಯ ಮುಂದೆ ಮಾತು ಬೆಳೆಯುತ್ತಾ ‘ಇವರೆಲ್ಲ ಬಂದ ಮೇಲೇ ಊರು ಹಾಳಾಯ್ತು, ಓಡಿಸಬೇಕು’ ಎಂಬಲ್ಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಸಿಟ್ಟು ಮುಗಿದು ದ್ವೇಷ ಶುರುವಾಗಿರುತ್ತದೆ. ಆಡುವವರಿಗೆ ಮಾತ್ರ ಎರಡೂ ಒಂದೇ ಅನಿಸುತ್ತದೆ.

ಅವೆರಡೂ ಒಂದಲ್ಲ ಎಂದು ಅರಿಸ್ಟಾಟಲ್ ತನ್ನ ಭಾಷಣಕಲೆಯ ಗ್ರಂಥದಲ್ಲೇ ಹೇಳಿದ್ದಾನೆ. ಸಿಟ್ಟು ನಮಗೆ ಕೆಡುಕು ಮಾಡಿದ ವ್ಯಕ್ತಿಯ ಮೇಲೆ ಬರುತ್ತದೆ, ಕಾಲ ಕಳೆದಂತೆ ಇಳಿಯುತ್ತದೆ. ದ್ವೇಷಕ್ಕೆ ಇಂಥ ವ್ಯಕ್ತಿಯೇ ಬೇಕೆಂದಿಲ್ಲ, ಒಂದಿಡೀ ಗುಂಪನ್ನೇ ಹಿಡಿದುಕೊಳ್ಳುತ್ತದೆ. ಸಿಟ್ಟಾದವನು ಎದುರಿನವನಿಗೂ ನೋವು ತಟ್ಟಲಿ ಅನ್ನುತ್ತಾನೆ, ದ್ವೇಷಿಸುವವನು ಅವನು ಇರಲೇಬಾರದು ಅನ್ನುತ್ತಾನೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ನೋಡಿ. 1,777 ಎಕರೆ ಜಮೀನು ಸ್ವಾಧೀನದ ವಿರುದ್ಧ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಅದೇ ವರ್ಷ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಎಸ್‌ಬಿಐ ಶಾಖೆಯಲ್ಲಿ ವ್ಯವಸ್ಥಾಪಕಿ ಕನ್ನಡ ಮಾತಾಡುವುದಿಲ್ಲ ಎಂದಾಗ ಎದ್ದ ಆಕ್ರೋಶವೂ ಸರಿಯಾದದ್ದೇ. ನಮ್ಮೂರಿನ ಬ್ಯಾಂಕಿನಲ್ಲಿ ನಮ್ಮ ಭಾಷೆಯಲ್ಲಿ ಸೇವೆ ಕೇಳುವುದು ಹಕ್ಕು. ಅವರ ವರ್ಗಾವಣೆಯಾಯಿತು. ಎರಡು ಕಡೆಯೂ ಜನ ಕೇಳಿದ್ದು ಇಂಥದ್ದು ಎಂದು ಸ್ಪಷ್ಟವಾಗಿತ್ತು, ಅದು ಸಿಕ್ಕಿತು. ಬ್ಯಾಂಕಿನ ಪ್ರಕರಣ ಅಷ್ಟಕ್ಕೇ ನಿಲ್ಲದೆ ಮೊಬೈಲುಗಳಲ್ಲಿ ಉತ್ತರದಿಂದ ಬಂದವರೆಲ್ಲರ ಮೇಲಿನ ಬೈಗುಳವಾಗಿ ಹರಿದಾಡಿತಲ್ಲ, ಆ ಬೈಗುಳಕ್ಕೆ ಏನು ಕೊಟ್ಟರೆ ಸಮಾಧಾನ? ಏನು ಕೊಟ್ಟರೂ ಇಲ್ಲ.

ಅದು ಬರೀ ಮಾತು, ಬಿಡಿ ಅನ್ನುವವರು ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರವನ್ನು ನೆನಪಿಸಿಕೊಳ್ಳಬೇಕು. 2020ರ ಜನವರಿಯಲ್ಲಿ ಅಲ್ಲಿನ ಶೆಡ್‌ಗಳಲ್ಲಿ ‘ಬಾಂಗ್ಲಾದೇಶಿಗಳು’ ಇದ್ದಾರೆಂದು ಒಂದು ವಿಡಿಯೊ ಹರಿದಾಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ತಗಡು, ಟಾರ್ಪಾಲು, ಪಾತ್ರೆ ಪಗಡೆ ಎಲ್ಲ ನೆಲಸಮ. ಅಲ್ಲಿದ್ದವರು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು, ಕಸ ಆಯುವವರು, ಕಟ್ಟಡ ಕಾರ್ಮಿಕರು. ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರ ಜತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಅನೇಕರು ಆಧಾರ್, ಮತದಾರರ ಚೀಟಿ ಹಿಡಿದು ತೋರಿಸಿದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು, ಕೋರ್ಟು ತೆರವಿಗೆ ತಡೆ ನೀಡಿತು. ಅಷ್ಟರಲ್ಲಿ ನೂರಾರು ಶೆಡ್‌ಗಳು ಬಿದ್ದಾಗಿತ್ತು. ಅಕ್ರಮ ವಲಸೆ ಇದ್ದರೆ ತನಿಖೆಯಾಗಲಿ ಎನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ತನಿಖೆ ಮಾಡಬೇಕಾದರೆ ಒಬ್ಬೊಬ್ಬರ ಕಾಗದವನ್ನೂ ನೋಡಬೇಕು. ಅವತ್ತು ಕಲಬುರಗಿ ಕಡೆಯವನು ಯಾರು, ಕೊಲ್ಕತ್ತದವನು ಯಾರು ಎಂದು ಕೇಳುವ ವ್ಯವಧಾನವೂ ಯಾರಿಗೂ ಇರಲಿಲ್ಲ. ನನ್ನ ಆಕ್ಷೇಪಕ್ಕೆ ಮೂಲ ಕಾರಣ ಇದೇ: ನ್ಯಾಯ ಮಾಡಲು ಎದುರಿಗಿರುವವನು ಯಾರೆಂದು ತಿಳಿಯಬೇಕು, ದ್ವೇಷಕ್ಕೆ ಅದು ಬೇಕಿಲ್ಲ.

ಹಾಗಾದರೆ ಎಲ್ಲವನ್ನೂ ಕಳೆದುಕೊಂಡವರ ದ್ವೇಷ? ಇದು ನಿಜಕ್ಕೂ ಕಷ್ಟದ ಪ್ರಶ್ನೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಹಚ್ಚಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಘೋರ ಕೃತ್ಯ ಎಸಗಿದವನನ್ನು ಸಂತ್ರಸ್ತರು ದ್ವೇಷಿಸುವುದು ತಪ್ಪಲ್ಲ, ಅದರಲ್ಲಿ ಆತ್ಮಗೌರವವಿದೆ ಎಂದು ಅಮೆರಿಕದ ಚಿಂತಕ ಜೆಫ್ರಿ ಮರ್ಫಿ ವಾದಿಸಿದ್ದರು. ಕಂಬಾಲಪಲ್ಲಿಯ ಸಂತ್ರಸ್ತರ ಮುಂದೆ ನಿಂತು ‘ದ್ವೇಷ ಬಿಡಿ’ ಎನ್ನುವ ಯೋಗ್ಯತೆ ನನಗಿಲ್ಲ, ಆರೋಪಿಗಳನ್ನು ಶಿಕ್ಷಿಸಲಾಗದ ಈ ವ್ಯವಸ್ಥೆಗಂತೂ ಮೊದಲೇ ಇಲ್ಲ. ಆದರೂ ಮರ್ಫಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಒಬ್ಬರ ದ್ವೇಷವನ್ನು ನಾವು ಅರ್ಥ ಮಾಡಿಕೊಳ್ಳಬಹುದು, ಅವರನ್ನು ದೂರದೆ ಇರಬಹುದು. ಅಷ್ಟಕ್ಕೇ ಅದು ಸರಿ ಎಂದಾಗುವುದಿಲ್ಲ. ಬೆಂಕಿ ಇಟ್ಟವರೂ ಹಿಂದಿನ ಜಗಳ, ಹಿಂದಿನ ಸಾವಿನ ಲೆಕ್ಕ ಹಿಡಿದೇ ಬಂದಿದ್ದರು. ನೋವೇ ಸಮರ್ಥನೆಯಾದರೆ ಅವರ ಬಾಯಿ ಮುಚ್ಚಿಸುವುದು ಹೇಗೆ?

ಆತ್ಮಗೌರವಕ್ಕೆ ದ್ವೇಷವೇ ಬೇಕಿಲ್ಲ ಎಂದು ತೋರಿಸಿದ್ದು ನಮ್ಮ ದಲಿತ ಚಳವಳಿ. 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಸಿಟ್ಟು ಸಣ್ಣದಾಗಿರಲಿಲ್ಲ. ಆದರೆ ಅದು ಭೂಮಿ ಕೇಳಿತು, ನೀರು ಕೇಳಿತು, ಘನತೆ ಕೇಳಿತು. ಯಾರೂ ಇಲ್ಲವಾಗಲಿ ಎಂದು ಕೇಳಲಿಲ್ಲ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಮಾತಿಗೆ ಶಿಕ್ಷೆ ವಿಧಿಸುವುದರಿಂದ ಎಷ್ಟು ಪ್ರಯೋಜನವೋ, ಅದು ಯಾರ ಮೇಲೆ ಪ್ರಯೋಗವಾಗುತ್ತದೋ ಎಂಬ ಆತಂಕ ನನಗಿದೆ. ಕಂಬಾಲಪಲ್ಲಿಯಂಥ ಪ್ರಕರಣಗಳಲ್ಲಿ ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಅದಕ್ಕಿಂತ ತುರ್ತಿನ ಕೆಲಸ. ಇನ್ನು ನಮ್ಮ ಸರ್ಜಾಪುರದ ಮಾತು: ಇಲ್ಲಿ ಸ್ವಿಫ್ಟ್ ಸಿಟಿ ಎಂಬ ಉದ್ಯಮ ನಗರ ಮಾಡುತ್ತೇವೆ ಎಂದು ಸರ್ಕಾರ ಘೋಷಿಸಿದೆ. ಜಮೀನು ಕೊಡಬೇಕಾದವರ ತಕರಾರನ್ನು ಅಧಿಕಾರಿಗಳು ಈಗಲೇ ಹಳ್ಳಿಗೆ ಬಂದು, ಕೂತು, ಪಹಣಿ ಸಮೇತ ಕೇಳಲಿ. ಕಟ್ಟಡ ಕಟ್ಟಲು ಬರುವ ಕೂಲಿಗಳ ಹೆಸರು, ಸಂಬಳ, ವಸತಿ ದಾಖಲಾಗಲಿ. ಇದನ್ನು ಮಾಡದೆ ಬಿಟ್ಟರೆ ಇಲ್ಲಿನ ರೈತನ ಸಿಟ್ಟನ್ನು ಆ ಕೂಲಿಯ ಶೆಡ್‌ನತ್ತ ತಿರುಗಿಸುವವರು ಯಾರಾದರೂ ಬಂದೇ ಬರುತ್ತಾರೆ.